ಸಫ್ದರ್‌ಜಂಗ್ ಗೋಡೆಯಾಚೆ ಒಂದು ರನ್‌ವೇ

ದೆಹಲಿಯಲ್ಲಿರುವವರಿಗೆ ಈ ಜಾಗ ಗೊತ್ತೇ ಇರುತ್ತದೆ. ಐಎನ್‌ಎ ಮಾರ್ಕೆಟ್ಟಿನಿಂದ ಅರಬಿಂದೋ ಮಾರ್ಗ ಹಿಡಿದು ಜೋರ್ ಬಾಗ್ ಕಡೆ ಹೊರಟರೆ ಎಡಗಡೆ ಉದ್ದಕ್ಕೂ ಒಂದು ಗೋಡೆ. ಆ ಗೋಡೆಯಾಚೆ ಇರುವುದು ಸಫ್ದರ್‌ಜಂಗ್ ವಿಮಾನ ನಿಲ್ದಾಣ. ಊರಿನಿಂದ ಬಂದ ನೆಂಟರಿಗೆ ಇದನ್ನು ತೋರಿಸಿದರೆ "ಇಲ್ಲೂ ಒಂದು ಏರ್‌ಪೋರ್ಟ್ ಅದ ಏನು? ಒಂದೂ ವಿಮಾನ ಕಾಣ್ಸೂದಿಲ್ಲಲ್ಲ?" ಅಂತ ಕೇಳುತ್ತಾರೆ. ಹೌದು, ಕಾಣಿಸುವುದಿಲ್ಲ. 2002ರ ಜನವರಿಯಿಂದ ಅಲ್ಲಿ ಸಣ್ಣ ವಿಮಾನಗಳ ಹಾರಾಟ ನಿಂತಿದೆ. ದೊಡ್ಡವರ ಹೆಲಿಕಾಪ್ಟರ್‌ಗಳು ಮಾತ್ರ ಆಗೀಗ ಇಳಿದು ಏಳುತ್ತವೆ.

ತಮಾಷೆ ಏನೆಂದರೆ, ನಾಗರಿಕ ವಿಮಾನಯಾನ ಸಚಿವಾಲಯ ಇರುವ ರಾಜೀವ್ ಗಾಂಧಿ ಭವನ ಇದೇ ನಿಲ್ದಾಣದ ಅಂಚಿನಲ್ಲಿದೆ. ದೇಶದ ವಿಮಾನಗಳ ಲೆಕ್ಕಪತ್ರ ನೋಡುವ ಸಾಹೇಬರುಗಳು ಪಕ್ಕದಲ್ಲೇ ಕೂತಿದ್ದಾರೆ, ನಡುವೆ ರನ್‌ವೇ ಖಾಲಿ ಬಿದ್ದಿದೆ. ಯಾರನ್ನೂ ಹೀಗಳೆಯುವುದಕ್ಕೆ ಹೇಳುತ್ತಿಲ್ಲ. ನಲವತ್ತು ವರ್ಷದ ಮೇಲಾಯಿತು ಈ ಗೋಡೆಯ ಪಕ್ಕ ಓಡಾಡುತ್ತ, ಅದಕ್ಕೇ ಹೊಟ್ಟೆಯೊಳಗಿನ ಮಾತು ಹೊರಗೆ ಬರುತ್ತದೆ.

ನಾನು ಧಾರವಾಡದಿಂದ ದೆಹಲಿಗೆ ಬಂದದ್ದು 1979ರಲ್ಲಿ, ಕೇಂದ್ರ ಸರ್ಕಾರದ ಒಂದು ಸಣ್ಣ ನೌಕರಿಗೆ. ಮೊದಲು ಸಿಕ್ಕ ಕ್ವಾರ್ಟರ್ಸ್ ಈಸ್ಟ್ ಕಿದ್ವಾಯಿ ನಗರದಲ್ಲಿ. (ಆ ಹಳೇ ಮನೆಗಳು ಈಗಿಲ್ಲ, ಕೆಡವಿ ಎತ್ತರದ ಟವರ್‌ಗಳನ್ನು ಕಟ್ಟಿದ್ದಾರೆ.) ಬೇಸಿಗೆಯ ಸಂಜೆ ಸೆಖೆ ತಡೆಯಲಾರದೆ ತಾರಸಿಗೆ ಹೋಗಿ ಕೂತರೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನಗಳು ಗುಂಯ್ ಅಂತ ಸುತ್ತು ಹೊಡೆಯುತ್ತಿದ್ದವು. ಇಂಜಿನ್ನೇ ಇಲ್ಲದ ಗ್ಲೈಡರ್‌ಗಳು ಸದ್ದಿಲ್ಲದೆ ತೇಲುತ್ತಿದ್ದವು. ನಮ್ಮ ಮಕ್ಕಳು ರೆಕ್ಕೆಯ ಮೇಲಿನ ಅಕ್ಷರ ಓದಿ "ಇದು ನಿನ್ನೇದು, ಅದು ನಂದು" ಅಂತ ಜಗಳಾಡುತ್ತಿದ್ದರು. ಟಿಕೆಟ್ಟಿಲ್ಲದ ಸಿನಿಮಾ!

1980ರ ಜೂನ್ 23ರ ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿನಲ್ಲಿ ಸುದ್ದಿ ಹಬ್ಬಿತು. ಸಂಜಯ್ ಗಾಂಧಿ ಹಾರಿಸುತ್ತಿದ್ದ ವಿಮಾನ ಬಿದ್ದು ಅವರೂ ಜೊತೆಗಿದ್ದ ಕ್ಯಾಪ್ಟನ್ನರೂ ತೀರಿಕೊಂಡಿದ್ದರು. ಆ ವಿಮಾನ ಏರಿದ್ದು ಇದೇ ಸಫ್ದರ್‌ಜಂಗ್‌ನಿಂದ. ಪ್ರಧಾನಿಯ ಮಗನೇ ಹೋದರೂ ಆ ರನ್‌ವೇಗೆ ಕಾಯಂ ಬೀಗ ಬೀಳಲಿಲ್ಲ. ಮುಂದೆ ಇಪ್ಪತ್ತೊಂದು ವರ್ಷ ಹುಡುಗರು ಅಲ್ಲಿ ಹಾರುವುದನ್ನು ಕಲಿತರು. ಬೀಗ ಬಿದ್ದದ್ದು 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್, ವಾಷಿಂಗ್ಟನ್‌ಗಳಲ್ಲಿ ನಡೆದದ್ದನ್ನು ನೋಡಿದ ಮೇಲೆ.

ಹಾಗಂತ ಸಫ್ದರ್‌ಜಂಗನ್ನು ಮತ್ತೆ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಪ್ರಧಾನಿಯವರ ಮನೆ ಅಲ್ಲಿಂದ ಕೂಗಳತೆ. ರಾಷ್ಟ್ರಪತಿ ಭವನ, ಸಂಸತ್ತು ಎಲ್ಲ ವಿಮಾನಕ್ಕೆ ಎರಡು ನಿಮಿಷದ ದಾರಿ. ಅಲ್ಲಿ ಕಲಿಯುವ ಹುಡುಗರು ಸುತ್ತು ಹೊಡೆಯುವುದು ಬೇಡ ಎಂದರೆ ಒಪ್ಪಿಕೊಳ್ಳೋಣ. ನನ್ನ ತಕರಾರು ಬೇರೆ. ಅಲ್ಲಿ ಹುಟ್ಟಿದ "ಬಾಗಿಲು ಮುಚ್ಚಿಬಿಟ್ಟರೆ ಭದ್ರ" ಎಂಬ ಬುದ್ಧಿ ಈಗ ಅಂಥ ಕಾರಣವಿಲ್ಲದ ಸಣ್ಣ ಊರುಗಳ ನಿಲ್ದಾಣಗಳಿಗೂ ಬಂದು ಕೂತಿದೆ. ಅದನ್ನು ಸ್ವತಃ ಅನುಭವಿಸಿದ ಮೇಲೆಯೇ ಇದನ್ನು ಬರೆಯಲು ಕೂತದ್ದು.

ಮೂರು ವರ್ಷದ ಹಿಂದಿನ ಮಾತು. ನನ್ನ ಗೆಳೆಯರ ಮಗನೊಬ್ಬ (ಹೆಸರು ಬೇಡ ಬಿಡಿ, ಹುಡುಗ ಇನ್ನೂ ಹಾರಬೇಕು) ದೆಹಲಿಯಲ್ಲೇ ಹುಟ್ಟಿ ಬೆಳೆದವನು. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ವಿಮಾನ ಅವನಿಗೆ ಹುಚ್ಚು. ದುಡ್ಡು ಕೂಡಿಸಿ ಖಾಸಗಿ ಪೈಲಟ್ ಲೈಸೆನ್ಸ್ ಮಾಡಿಕೊಂಡ. ನಮ್ಮಲ್ಲಿ ಅದಕ್ಕೆ ಕನಿಷ್ಠ 17 ವರ್ಷ ವಯಸ್ಸು, 40 ಗಂಟೆ ಹಾರಾಟ, ಪರೀಕ್ಷೆ, ವೈದ್ಯಕೀಯ ತಪಾಸಣೆ ಎಲ್ಲ ಆಗಬೇಕು. ದೆಹಲಿಯೊಳಗೆ ಹಾರುವ ಜಾಗವಿಲ್ಲವಲ್ಲ, ಹಾಗಾಗಿ ನಸುಕಿನಲ್ಲೇ ಕಾರು ಹತ್ತಿ ಮೂರು ಗಂಟೆ ದೂರದ ಏರ್‌ಸ್ಟ್ರಿಪ್ಪಿಗೆ ಹೋಗಿ, ಬಾಡಿಗೆ ಸೆಸ್ನಾ ತೆಗೆದುಕೊಂಡು ಹಾರಿ ಬರುತ್ತಾನೆ. "ಕಾಕಾ, ನೀವು ತಾರಸಿ ಮ್ಯಾಲೆ ಕೂತು ನೋಡಿದ್ದು ಸಾಕು, ಬರ್ರಿ" ಎಂದು ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದ.

ಹಾರಿದ ಸುಖ ಹೇಳುತ್ತ ಕೂತರೆ ಇನ್ನೊಂದು ಲೇಖನವಾದೀತು. ಮುಖ್ಯ ವಿಷಯ ಇದು: ಮಧ್ಯಾಹ್ನ ಇನ್ನೊಂದು ಊರಿನ ಸಣ್ಣ ನಿಲ್ದಾಣದಲ್ಲಿ ಇಳಿದೆವು. ದಿನಕ್ಕೊಂದು ಪ್ರಯಾಣಿಕ ವಿಮಾನ ಬಂದುಹೋಗುವ ಜಾಗ. ಅವತ್ತಿನದು ಆಗಲೇ ಹೋಗಿಯಾಗಿತ್ತು. ವಿಮಾನ ಕಟ್ಟಿಹಾಕಿ, ಹೊಟ್ಟೆ ಹಸಿದಿತ್ತೆಂದು ಗೇಟು ದಾಟಿ ಎದುರಿನ ಢಾಬಾಕ್ಕೆ ಹೋದೆವು. ಪರಾಠಾ ತಿಂದೆವು, ಚಹಾ ಕುಡಿದೆವು. ವಾಪಸು ಬಂದರೆ ಗೇಟಿನವನು ಒಳಗೆ ಬಿಡಲಿಲ್ಲ!

"ಪಾಸ್ ದಿಖಾಯಿಯೇ." ಪಾಸು ಇತ್ತು, ಆದರೆ ಅದು ಹೊರಟ ಊರಿನದು. ಲೈಸೆನ್ಸ್ ತೋರಿಸಿದ. ಅದು ಹಾರಿಸುವುದಕ್ಕೆ, ಒಳಗೆ ಹೋಗುವುದಕ್ಕಲ್ಲ ಎಂದ. ವಿಮಾನದ ಕಾಗದ ತೋರಿಸಿದ. ಅದರಲ್ಲಿ ನಿಮ್ಮ ಹೆಸರಿಲ್ಲ ಎಂದ. ಸರಿ, ಬಾಡಿಗೆ ವಿಮಾನದ ಕಾಗದದಲ್ಲಿ ಬಾಡಿಗೆದಾರನ ಹೆಸರು ಹೇಗಿರುತ್ತದೆ? ಬೇಲಿಯ ಸಂದಿಯಿಂದ ನಮ್ಮ ವಿಮಾನ ಕಾಣಿಸುತ್ತಿದೆ, ಕೀಲಿಕೈ ಹುಡುಗನ ಜೇಬಿನಲ್ಲಿದೆ, ಎರಡು ಗಂಟೆ ಹಿಂದೆ ನಾವು ಅದರಿಂದ ಇಳಿದು ಬಂದದ್ದನ್ನು ಇದೇ ಮನುಷ್ಯ ನೋಡಿದ್ದಾನೆ. ಪಾಪ, ಅವನದೇನೂ ತಪ್ಪಿಲ್ಲ. ಕೈಯಲ್ಲಿದ್ದ ಪಟ್ಟಿಯಲ್ಲಿ ಟಿಕೆಟ್ಟಿನ ಪ್ರಯಾಣಿಕರಿಗೆ ಏನು ಮಾಡಬೇಕು, ನೌಕರರಿಗೆ ಏನು ಮಾಡಬೇಕು ಎಂದು ಬರೆದಿತ್ತು. ಬೇರೆ ಊರಿನಿಂದ ವಿಮಾನ ತಂದ ಪೈಲಟ್‌ಗೆ ಏನು ಮಾಡಬೇಕು ಎಂದು ಯಾರೂ ಬರೆದಿರಲಿಲ್ಲ. ಬರೆಯದಿದ್ದ ಮೇಲೆ "ಇಲ್ಲ" ಎನ್ನುವುದೇ ಅವನಿಗೆ ಕ್ಷೇಮ. ಮುವ್ವತ್ತೈದು ವರ್ಷ ಸರ್ಕಾರಿ ನೌಕರಿ ಮಾಡಿದವನು ನಾನು, ನನಗೆ ಅರ್ಥವಾಗದೇ?

ಪಾಸು ಕೊಡುವ ಅಧಿಕಾರಿಗೆ ಅಂದು ರಜೆ. ಫೋನ್ ಮೇಲೆ ಫೋನ್. ಎರಡೂವರೆ ಗಂಟೆ ಗೇಟಿನಲ್ಲೇ ನಿಂತೆವು. ನಮ್ಮಲ್ಲಿ ಸಣ್ಣ ವಿಮಾನಗಳು ಕಣ್ಣಳತೆಯ ಮೇಲೆ ಹಾರುವಾಗ ಸೂರ್ಯಾಸ್ತವಾಗಿ 20 ನಿಮಿಷದ ನಂತರ ಆಕಾಶದಲ್ಲಿ ಇರುವಂತಿಲ್ಲ. ಕೊನೆಗೆ ಯಾರೋ ಮೇಲಿನವರು ಮಾತಾಡಿ ಗೇಟು ತೆರೆದಾಗ ಬಿಸಿಲು ಕೆಂಪಗಾಗಿತ್ತು. ಹುಡುಗ ಗಡಿಯಾರ ನೋಡಿದ, ಆಕಾಶ ನೋಡಿದ. ಮುಖದಲ್ಲಿ ಲೆಕ್ಕಾಚಾರ ನಡೆಯುತ್ತಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನಿಗೆ ಆಫೀಸಿನಲ್ಲಿ ಮೀಟಿಂಗು. ವಿಮಾನವನ್ನು ರಾತ್ರಿ ಬೇರೆ ಕಡೆ ಇಟ್ಟರೆ ಅದರ ಖರ್ಚು ಬೇರೆ.

"ಕಾಕಾ, ಗಡಬಡಿಸಿ ಹೊಂಟ್ರ ಮುಟ್ಟಬಹುದು," ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಡ. ಗಡಬಡಿಸಿ ಹೋದವ್ರ ಕಥಿ ಭಾಳ ಓದೇನಿ," ಅಂದ.

ಆ ರಾತ್ರಿ ಒಂದು ಲಾಡ್ಜಿನಲ್ಲಿ ಮಲಗಿದೆವು. ಚಾದರ ಸಾಲದೆ ಚಳಿಗೆ ನಿದ್ದೆ ಬರಲಿಲ್ಲ. ಮಲಗಿದ್ದಲ್ಲೇ ಯೋಚಿಸಿದೆ. ಈ ಹುಡುಗನಿಗೆ ತಾಳ್ಮೆಯಿತ್ತು. ಇನ್ನೊಬ್ಬನಿಗೆ ಇಲ್ಲದಿದ್ದರೆ? ಕತ್ತಲಾಗುವ ಮೊದಲು ಮುಟ್ಟಿಬಿಡೋಣ ಎಂದು ಹಾರಿ ದಾರಿ ತಪ್ಪಿದ್ದರೆ? ಆಗ ಪೇಪರಿನಲ್ಲಿ "ಪೈಲಟ್‌ನ ಅಜಾಗರೂಕತೆ" ಅಂತ ಬರುತ್ತಿತ್ತು, ಗೇಟಿನ ಎರಡೂವರೆ ಗಂಟೆಯ ಸುದ್ದಿ ಎಲ್ಲೂ ಬರುತ್ತಿರಲಿಲ್ಲ. ಭದ್ರತೆಯ ನಿಯಮ ಹೀಗೆ ಸುರಕ್ಷತೆಯನ್ನೇ ತಿಂದುಹಾಕಬಹುದು ಎಂಬುದು ನನಗೆ ಅವತ್ತಿನ ತನಕ ಹೊಳೆದಿರಲಿಲ್ಲ.

ಭಯಕ್ಕೆ ಕಾರಣವೇ ಇಲ್ಲ ಎನ್ನುವವನು ನಾನಲ್ಲ. 2001ರ ಆ ದಾಳಿಕೋರರಲ್ಲಿ ವಿಮಾನ ನಡೆಸಿದವರು ಅಮೆರಿಕದ ಫ್ಲೈಯಿಂಗ್ ಸ್ಕೂಲುಗಳಲ್ಲಿ ಸಣ್ಣ ವಿಮಾನದಲ್ಲೇ ಕಲಿತವರು. 2010ರ ಫೆಬ್ರವರಿಯಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ತೆರಿಗೆ ಇಲಾಖೆಯ ಮೇಲೆ ಸಿಟ್ಟಾದ ಒಬ್ಬ ತನ್ನ ಸ್ವಂತ ಪೈಪರ್ ವಿಮಾನವನ್ನು ಅವರ ಆಫೀಸಿಗೆ ನುಗ್ಗಿಸಿದ. ಅವನೂ ಸತ್ತ, ಒಬ್ಬ ನೌಕರನೂ ಸತ್ತ. ನಮ್ಮಲ್ಲಿ 1995ರ ಡಿಸೆಂಬರಿನಲ್ಲಿ ಪುರುಲಿಯಾದ ಹಳ್ಳಿಗಳ ಮೇಲೆ ಆಕಾಶದಿಂದ ಬಂದೂಕುಗಳು ಉದುರಿದವು. ಆಕಾಶವನ್ನು ಕಾಯಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅಳತೆ ಅನ್ನುವುದೊಂದು ಇದೆಯಲ್ಲ? ಕಲಿಯುವವರು ಹಾರಿಸುವ ಸೆಸ್ನಾ 152 ಜನ, ಇಂಧನ ಎಲ್ಲ ತುಂಬಿಕೊಂಡು ಏರುವಾಗ ಇರಬಹುದಾದ ಹೆಚ್ಚಿನ ತೂಕ ಸುಮಾರು 757 ಕಿಲೋ. ನಮ್ಮ ಹಳೇ ಮಾರುತಿ 800ರಲ್ಲಿ ಇಬ್ಬರು ಕೂತರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅದರ ಟ್ಯಾಂಕಿನಲ್ಲಿ ಹಿಡಿಯುವುದು ನೂರು ಲೀಟರಿನಷ್ಟು ಪೆಟ್ರೋಲು. ನ್ಯೂಯಾರ್ಕಿನ ಗೋಪುರಗಳಿಗೆ ಬಡಿದ ಬೋಯಿಂಗ್ 767 ನೂರು ಟನ್ನಿಗೂ ಮೇಲಿನ ತೂಕದ್ದು, ಅದರೊಳಗೆ ಹತ್ತಾರು ಸಾವಿರ ಲೀಟರ್ ಇಂಧನ. ಎರಡಕ್ಕೂ ಒಂದೇ ಗೇಟು, ಒಂದೇ ಪಟ್ಟಿ ಅಂದರೆ ಹೇಗೆ? ಅಷ್ಟಕ್ಕೂ ಇಪ್ಪತ್ತು ಟನ್ ಹೊತ್ತ ಲಾರಿ ದಿನಾ ರಾತ್ರಿ ದೆಹಲಿಯ ರಿಂಗ್ ರೋಡಿನಲ್ಲಿ ಓಡುತ್ತದೆ. ಅದರ ಡ್ರೈವರಿನ ಬೆರಳಚ್ಚು ಯಾರು ತೆಗೆದುಕೊಂಡಿದ್ದಾರೆ?

ಇನ್ನೊಂದು ಮಾತು. ಪುರುಲಿಯಾದ ಆ ವಿಮಾನ ಕದ್ದು ಬಂದದ್ದಲ್ಲ. ಆಂಟೊನೊವ್ ಜಾತಿಯ ಸಾಮಾನು ಸಾಗಿಸುವ ವಿಮಾನ ಅದು. ವಾರಾಣಸಿಯಲ್ಲಿ ಇಳಿದು, ಇಂಧನ ತುಂಬಿಸಿಕೊಂಡೇ ಹೋಗಿತ್ತು. 2018ರ ಆಗಸ್ಟಿನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪ್ರಯಾಣಿಕರಿಲ್ಲದ ದೊಡ್ಡ ವಿಮಾನವೊಂದನ್ನು ಕದ್ದು ಹಾರಿಸಿಕೊಂಡು ಹೋಗಿ ಸತ್ತವನು ಅದೇ ನಿಲ್ದಾಣದ ನೌಕರ. ಅವನ ಬಳಿ ಪಾಸು ಇತ್ತು. ಅಂದರೆ ಬರೀ ಪಾಸು ನೋಡಿದರೆ ಮುಗಿಯಲಿಲ್ಲ. ಮನುಷ್ಯ ಯಾರು, ವಿಮಾನ ಯಾವುದು, ಎಲ್ಲಿಗೆ ಹೊರಟಿದೆ, ಇವು ಮೂರನ್ನೂ ಕೂಡಿಸಿ ನೋಡಬೇಕು.

ಹಾಗೆ ಕೂಡಿಸಿ ನೋಡಿದವರು ಇದ್ದಾರೆಯೇ? ಇದ್ದಾರೆ. ಅದೂ ಏಟು ತಿಂದ ವಾಷಿಂಗ್ಟನ್ನಿನಲ್ಲೇ.

ಶ್ವೇತಭವನದಿಂದ ಹದಿನೈದು ಕಿಲೋಮೀಟರಿನ ಒಳಹೊರಗೆ, ಮೇರಿಲ್ಯಾಂಡ್ ರಾಜ್ಯದಲ್ಲಿ ಕಾಲೇಜ್ ಪಾರ್ಕ್ ಎಂಬ ಪುಟ್ಟ ನಿಲ್ದಾಣವಿದೆ. 1909ರಲ್ಲಿ ರೈಟ್ ಸೋದರರ ಪೈಕಿ ವಿಲ್ಬರ್ ರೈಟ್ ಸೇನಾಧಿಕಾರಿಗಳಿಗೆ ಹಾರುವುದನ್ನು ಕಲಿಸಿದ ಜಾಗ ಅದು. ಅದೂ, ಹತ್ತಿರದ ಇನ್ನೆರಡು ಸಣ್ಣ ನಿಲ್ದಾಣಗಳೂ 2001ರ ದಾಳಿಯ ನಂತರ ಮುಚ್ಚಿದವು. ಆದರೆ 2002ರ ಫೆಬ್ರವರಿಯಲ್ಲಿ ಅವುಗಳನ್ನು ಮತ್ತೆ ತೆರೆಯಲು ಒಂದು ನಿಯಮ ಮಾಡಿದರು. ತಾರೀಖು ನೋಡಿ. ನಾವು ಜನವರಿಯಲ್ಲಿ ಬೀಗ ಹಾಕಿದೆವು, ಅವರು ಫೆಬ್ರವರಿಯಲ್ಲಿ ಬೀಗ ತೆಗೆದರು.

ಪುಕ್ಕಟೆ ಏನೂ ತೆಗೆಯಲಿಲ್ಲ. ಅಲ್ಲೇ ವಿಮಾನ ಇಟ್ಟುಕೊಂಡ ಪೈಲಟ್‌ಗಳು ಬೆರಳಚ್ಚು ಕೊಡಬೇಕು. ಅವರ ಹಳೆಯ ಅಪರಾಧ ದಾಖಲೆ ತೆಗೆದು ನೋಡುತ್ತಾರೆ. ನಿಯಮಗಳ ಪಾಠ ಆಗಬೇಕು. ಇಷ್ಟಾದ ಮೇಲೆ ಒಬ್ಬೊಬ್ಬರಿಗೂ ಒಂದು ಗುಪ್ತ ಸಂಖ್ಯೆ, ನಮ್ಮ ಎಟಿಎಂ ಪಿನ್ ಇದ್ದ ಹಾಗೆ. ಪ್ರತಿ ಸಲ ಹಾರುವ ಮೊದಲು ಆ ಸಂಖ್ಯೆ ಹೇಳಿ, ದಾರಿ ತಿಳಿಸಿ, ರಾಡಾರಿನವರ ಜೊತೆ ಮಾತಾಡುತ್ತ ಹೋಗಬೇಕು. 2005ರ ಫೆಬ್ರವರಿಯಿಂದ ಹೊರಗಿನ ಪೈಲಟ್‌ಗಳೂ ಇದೇ ತಪಾಸಣೆ ಮುಗಿಸಿ ಅಲ್ಲಿ ಇಳಿಯಬಹುದಾಯಿತು. ಅದೇ ವರ್ಷ ಮೇ 11ರಂದು ಪೆನ್ಸಿಲ್ವೇನಿಯಾದಿಂದ ಹೊರಟ ಒಂದು ಸಣ್ಣ ಸೆಸ್ನಾ ದಾರಿ ತಪ್ಪಿ ಶ್ವೇತಭವನದ ಹತ್ತಿರ ಬಂದುಬಿಟ್ಟಿತು. ಸಂಸತ್ ಭವನದಿಂದ ಸಾವಿರಾರು ಜನ ಹೊರಗೆ ಓಡಿದರು, ಯುದ್ಧ ವಿಮಾನಗಳು ಬೆನ್ನಟ್ಟಿದವು. ತಪ್ಪು ಮಾಡಿದ ಪೈಲಟ್‌ನ ಲೈಸೆನ್ಸ್ ಕಿತ್ತುಕೊಂಡರು. ತಪ್ಪು ಮಾಡದ ಕಾಲೇಜ್ ಪಾರ್ಕಿಗೆ ಮತ್ತೆ ಬೀಗ ಜಡಿಯಲಿಲ್ಲ.

ಅಲ್ಲಿಯ ಪೈಲಟ್‌ಗಳು ಈ ಕಟ್ಟಳೆಗಳನ್ನು ಬೈಯುತ್ತಾರೆ, ಹಾರಾಟವೂ ಮೊದಲಿನಷ್ಟಿಲ್ಲ. ಅಮೆರಿಕವನ್ನು ತಲೆಯ ಮೇಲೆ ಹೊತ್ತು ಕುಣಿಯುವ ಆಸೆ ನನಗಿಲ್ಲ. ಆದರೂ ಬೈದುಕೊಂಡು ಹಾರುವುದಕ್ಕೂ ಗೇಟಿನಲ್ಲಿ ನಿಲ್ಲುವುದಕ್ಕೂ ವ್ಯತ್ಯಾಸ ಇದೆಯಲ್ಲ?

ಇದು ನಾಲ್ಕು ಶ್ರೀಮಂತರ ಆಟ, ನಮಗೇನು ಎಂದು ನೀವು ಕೇಳಬಹುದು. ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ. ಮುಂಬಯಿಯಲ್ಲಿರುವವರು ಜುಹು ನಿಲ್ದಾಣದ ಪಕ್ಕ ಹಾದುಹೋಗುತ್ತಿರುತ್ತೀರಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ತಂದು ಇಳಿದದ್ದು ಅಲ್ಲೇ. ಅದಕ್ಕೆ ಮೂರು ವರ್ಷ ಮೊದಲು ಅವರು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತ ಹವ್ಯಾಸಿ. ಆ ಹವ್ಯಾಸವೇ ಮುಂದೆ ಏರ್ ಇಂಡಿಯಾ ಆಯಿತು. ಬಾಂಬೆ ಫ್ಲೈಯಿಂಗ್ ಕ್ಲಬ್ಬಿನ ಹಾರಾಟದ ತರಬೇತಿ ಈಗ ಮುಂಬಯಿಯಿಂದ ಮುನ್ನೂರು ಕಿಲೋಮೀಟರ್ ದೂರದ ಧುಳೆಯಲ್ಲಿ. 1947ರ ಅಕ್ಟೋಬರ್ 27ರ ಮುಂಜಾನೆಯಿಂದ ದೆಹಲಿಯಿಂದ ಶ್ರೀನಗರಕ್ಕೆ ನಮ್ಮ ಸೈನಿಕರನ್ನು ಹೊತ್ತೊಯ್ದ ಡಕೋಟಾಗಳಲ್ಲಿ ಖಾಸಗಿ ಕಂಪನಿಗಳ ವಿಮಾನಗಳೂ, ಅವುಗಳ ಪೈಲಟ್‌ಗಳೂ ಇದ್ದರು. ಹಾರಬಲ್ಲ ನಾಗರಿಕರು ಇದ್ದರೆ ದೇಶಕ್ಕೂ ಆಪತ್ಕಾಲಕ್ಕೆ ಒಂದು ಆಸರೆ. ನಮ್ಮ ಮೈಸೂರು ಸಂಸ್ಥಾನದವರಿಗೆ ಅದು ಗೊತ್ತಿತ್ತು. 1948ರಲ್ಲೇ ಬೆಂಗಳೂರಿನ ಜಕ್ಕೂರಿನಲ್ಲಿ ಹಾರುವ ಶಾಲೆ ತೆರೆದರು.

ಈಗ ವಿಷಯ ನಮ್ಮ ಊರಿನ ಬಾಗಿಲಿಗೇ ಬಂದಿದೆ. 2016ರಲ್ಲಿ ಶುರುವಾದ ಉಡಾನ್ ಯೋಜನೆಯಿಂದ ಹಿಂದೆ ದನ ಮೇಯುತ್ತಿದ್ದ ರನ್‌ವೇಗಳಿಗೂ ಪ್ರಯಾಣಿಕ ವಿಮಾನ ಬಂತು. ಬಹಳ ಸಂತೋಷ. ಕಲಬುರಗಿಯ ಹೊಸ ನಿಲ್ದಾಣ 2019ರಲ್ಲಿ ತೆರೆಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ಫ್ಲೈಯಿಂಗ್ ಸ್ಕೂಲುಗಳಿಗೆ ಜಾಗ ಕೊಟ್ಟ ಐದು ಊರುಗಳಲ್ಲಿ ಎರಡು ನಮ್ಮವೇ, ಬೆಳಗಾವಿ ಮತ್ತು ಕಲಬುರಗಿ. ಅಲ್ಲಿ ಕಲಿಯುವ ಮಕ್ಕಳೂ ಟಿಕೆಟ್ಟಿನ ಪ್ರಯಾಣಿಕರೂ ಒಂದೇ ರನ್‌ವೇ ಹಂಚಿಕೊಳ್ಳಬೇಕು. ದೊಡ್ಡ ವಿಮಾನ ಬಂದ ಕೂಡಲೆ ದೊಡ್ಡ ಭದ್ರತೆಯೂ ಬರುತ್ತದೆ, ಬರಲೇಬೇಕು. ಆಗ ಸಣ್ಣ ವಿಮಾನದವನು ಎಲ್ಲಿ ನಿಲ್ಲಬೇಕು ಎಂಬುದನ್ನು ಈಗಲೇ ಬರೆದಿಡದಿದ್ದರೆ ನಮ್ಮ ಢಾಬಾದ ಕಥೆ ನಾಳೆ ಎಲ್ಲ ಊರಿನದೂ ಆದೀತು.

ಹಾಗಾದರೆ ಏನು ಮಾಡಬೇಕು? ಕಡತ ನೋಡಿದ ಕೈಗೆ ಹೊಳೆದದ್ದು ಇಷ್ಟು.

ಒಂದು, ತಪಾಸಣೆ ಬಿಗಿಯಾಗಿರಲಿ, ಆದರೆ ಒಮ್ಮೆ ಆಗಲಿ. ಪೊಲೀಸರು ಒಬ್ಬ ಪೈಲಟ್‌ನ ಹಿನ್ನೆಲೆ ನೋಡಿ ಸೈ ಅಂದ ಮೇಲೆ ಆ ಗುರುತು ದೇಶದ ಎಲ್ಲ ಸಣ್ಣ ನಿಲ್ದಾಣದಲ್ಲೂ ನಡೆಯಲಿ. 2025ರ ಫೆಬ್ರವರಿಯಲ್ಲಿ ಪೈಲಟ್ ಲೈಸೆನ್ಸನ್ನೇ ಮೊಬೈಲಿಗೆ ತಂದಿದ್ದಾರೆ. ಅದನ್ನೇ ಗೇಟಿನಲ್ಲಿ ಸ್ಕ್ಯಾನ್ ಮಾಡಿ ನೋಡಲು ಏನು ಕಷ್ಟ?

ಎರಡು, ಹೊರಗಿನ ಊರಿನ ಪೈಲಟ್ ಬಂದರೆ ಏನು ಮಾಡಬೇಕು ಎಂದು ಗೇಟಿನವನ ಪಟ್ಟಿಯಲ್ಲಿ ಒಂದು ಸಾಲು ಬರೆಯಿರಿ. ನಮ್ಮಲ್ಲಿ ಹೊರಡುವ ಮೊದಲೇ ಹಾರಾಟದ ವಿವರ ಸಲ್ಲಿಸಿ, ವಾಯುಪಡೆಯ ಒಪ್ಪಿಗೆಯ ಸಂಖ್ಯೆ ಪಡೆದೇ ಹಾರಬೇಕು. ಅಂದರೆ ಯಾರು ಬರುತ್ತಿದ್ದಾರೆ ಎಂಬುದು ಸರ್ಕಾರಕ್ಕೆ ಮೊದಲೇ ಗೊತ್ತು. ಆ ಮಾಹಿತಿ ಗೇಟಿಗೂ ತಲುಪಲಿ. ಒಬ್ಬ ಸಿಪಾಯಿ ಜೊತೆಗೆ ನಡೆದು ವಿಮಾನದ ತನಕ ಬಿಟ್ಟುಬರಲಿ, ಬೇಡ ಎನ್ನುವವರಾರು?

ಮೂರು, ಪ್ರಯಾಣಿಕರ ಕಟ್ಟಡದಿಂದ ದೂರ, ಬೇಲಿ ಹಾಕಿದ ಬೇರೆ ಅಂಗಳ, ಬೇರೆ ಗೇಟು. ದೊಡ್ಡ ವಿಮಾನದ ಹತ್ತಿರ ಸಣ್ಣವರು ಸುಳಿಯುವುದೇ ಬೇಡ.

ನಾಲ್ಕು, ಪೈಲಟ್‌ಗಳ ಪಾಲಿನ ಕರ್ತವ್ಯವೂ ಇದೆ. ವಿಮಾನಕ್ಕೆ ಬೀಗ, ಕೀಲಿಕೈ ಯಾರ ಬಳಿ ಇದೆ ಎಂಬ ದಾಖಲೆ, ಅಪರಿಚಿತರು ಕಂಡರೆ ತಕ್ಷಣ ತಿಳಿಸುವ ಅಭ್ಯಾಸ. ಸಣ್ಣ ನಿಲ್ದಾಣದಲ್ಲಿ ಎಲ್ಲರಿಗೂ ಎಲ್ಲರ ಗುರುತಿರುತ್ತದೆ. ಆ ಕಣ್ಣುಗಳನ್ನು ಗೇಟಿನಾಚೆ ನಿಲ್ಲಿಸಿದರೆ ಕಾವಲು ಕಡಿಮೆಯೇ ಆಗುತ್ತದೆ.

ಕೊನೆಯದು, "ಇಲ್ಲ" ಎನ್ನುವವರು ಕಾರಣ ಬರೆದುಕೊಡಲಿ, ಗಡುವಿನೊಳಗೆ ಕೊಡಲಿ. ಬರೆದುಕೊಡಬೇಕು ಎಂದ ತಕ್ಷಣ ಅರ್ಧಕ್ಕರ್ಧ "ಇಲ್ಲ"ಗಳು "ಹೌದು" ಆಗುವುದನ್ನು ನೌಕರಿಯಲ್ಲಿ ಕಣ್ಣಾರೆ ಕಂಡಿದ್ದೇನೆ :-)

ಆ ಲಾಡ್ಜಿನ ಮರುದಿನದ ಕಥೆ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಮಂಜು ಇತ್ತು, ಹತ್ತೂವರೆಗೆ ಬಿಟ್ಟಿತು. ಹುಡುಗನ ಮೀಟಿಂಗು ತಪ್ಪಿತು. ಗೇಟಿನಲ್ಲಿ ಅದೇ ಮನುಷ್ಯ ಇದ್ದ. ನಮ್ಮನ್ನು ನೋಡಿ ಎದ್ದು ನಿಂತು ಗೇಟು ತೆರೆದ. ಫೋನ್ ಬಂದಿತ್ತಂತೆ. ನಾವು ಹೊರಡುವಾಗ ಹುಡುಗನಿಗೆ ಹೇಳಿದ, ನನ್ನ ಮಗಳಿಗೂ ಪೈಲಟ್ ಆಗುವ ಆಸೆ, ಹನ್ನೊಂದನೇ ಕ್ಲಾಸು, ಎಲ್ಲಿ ಕಲಿಸುತ್ತಾರೆ, ಎಷ್ಟು ಖರ್ಚು ಬರುತ್ತದೆ ಎಂದು. ಹುಡುಗ ತನ್ನ ಫೋನ್ ನಂಬರು ಬರೆದುಕೊಟ್ಟ.

ನಾಳೆ ಆ ಮಗಳು ಲೈಸೆನ್ಸ್ ಹಿಡಿದು ಯಾವುದೋ ಊರಿನ ಗೇಟಿನ ಮುಂದೆ ನಿಂತಾಗ ಪಟ್ಟಿಯಲ್ಲಿ ಅವಳಿಗಾಗಿ ಒಂದು ಸಾಲು ಇರಬೇಕೋ ಬೇಡವೋ? ನೀವೇ ಹೇಳಿ.